ಫ್ರಿಜ್ಜಿನೊಳಗಿನ ಬಲ್ಬಿನವರಿಗೆ, ಮೀನಿನುಂಡೆಯ ವಿಚಾರವಾಗಿ

ಜೆರುಸಲೇಮ್, ಭಾನುವಾರ

ಸದಾ ತಂಪಿನಲ್ಲಿದ್ದು ನಮ್ಮ ಮೊಸರು, ಮೊಟ್ಟೆಗಳನ್ನು ಬೆಳಗುತ್ತಿರುವ ಮಾನ್ಯ ಬಲ್ಬಿನವರೇ,

ಆರು ಮಕ್ಕಳಿರುವ ಈ ಮನೆಯಲ್ಲಿ ಕರೆಯುವ ಮೊದಲೇ ಕೆಲಸಕ್ಕೆ ಹಾಜರಾಗುವವರು ತಾವೊಬ್ಬರೇ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ನನ್ನ ದೂರು ಇರುವುದೂ ಅದರ ಬಗ್ಗೆಯೇ.

ನಮ್ಮ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪ ಹಚ್ಚಿದ ಮೇಲೆ ಮರುದಿನ ನಕ್ಷತ್ರ ಕಾಣುವವರೆಗೆ ನಾವು ಬೇರಾವ ದೀಪವನ್ನೂ ಹೊತ್ತಿಸುವಂತಿಲ್ಲವಾದ್ದರಿಂದ, ಪ್ರತಿ ಶುಕ್ರವಾರ ನನ್ನ ಗಂಡ ಎಲ್ಖಾನಾನ್ ತಮ್ಮನ್ನು ಎರಡು ಸುತ್ತು ಸಡಿಲಿಸಿ ವಿಶ್ರಾಂತಿಗೆ ಕಳುಹಿಸುವುದು ವಾಡಿಕೆ. ಮೊನ್ನೆ ಒಬ್ಬ ಮಗನ ಒಂದು ಬೂಟು ಕಾಣೆಯಾಗಿ, ಇಬ್ಬರು ಹೆಣ್ಣುಮಕ್ಕಳು ಸ್ನಾನದ ಮನೆಗಾಗಿ ಜಗಳವಾಡಿ, ಸಾರು ಉಕ್ಕಿ, ಹೈಫಾದಿಂದ ಬಂದ ಅತ್ತೆ ಗಿಟ್ಟಲ್ ಅಡುಗೆಮನೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡ ಗಡಿಬಿಡಿಯಲ್ಲಿ ಎಲ್ಖಾನಾನ್ ಮರೆತೇಬಿಟ್ಟರು. ಸಬ್ಬತ್ತಿನ ಹೊತ್ತಾಯಿತೆಂದು ಊರಿನ ಸೈರನ್ ಕೂಗಿತು, ನಾನು ದೀಪ ಹಚ್ಚಿದೆ, ಆಮೇಲೆ ತಮ್ಮ ನೆನಪಾಯಿತು. ಫ್ರಿಜ್ಜಿನ ಒಳಗೆ ನನ್ನ ಮೀನಿನುಂಡೆಗಳು, ಹೊರಗೆ ಹದಿನಾಲ್ಕು ವರ್ಷಗಳಿಂದ ಅವುಗಳಲ್ಲಿ ಕೊಂಕು ತೆಗೆಯುತ್ತಿರುವ ಅತ್ತೆ, ನಡುವೆ ಹೊತ್ತಿಕೊಳ್ಳಲು ತುದಿಗಾಲಲ್ಲಿ ನಿಂತ ತಾವು.

ಈ ಸಲವಾದರೂ ಸೈ ಎನಿಸಿಕೊಳ್ಳಬೇಕೆಂದು ಇಡೀ ಗುರುವಾರ ಮೀನು ಅರೆದವಳು ನಾನು. ತೆರೆದರೆ ತಾವು ಹೊತ್ತಿಕೊಳ್ಳುವಿರೆಂದು ಬಾಗಿಲು ಮುಟ್ಟುವಂತಿಲ್ಲದೆ, ಬಟ್ಟಲು ಹಿಡಿದು ಕಳ್ಳಿಯಂತೆ ಮೇಲಿನ ಮನೆಯ ಫ್ರೂಮಾಳ ಬಳಿ ಹೋದೆ. "ತಗೊಂಡ್ಹೋಗೇ. ನಾನೇನೂ ಕೇಳಲ್ಲ, ನೀನೇನೂ ಹೇಳ್ಬೇಡ" ಎಂದು ಅವಳು ತನ್ನ ಉಂಡೆಗಳಲ್ಲಿ ಅರ್ಧ ಕೊಟ್ಟಳು. ಅತ್ತೆ ಮೂರು ತಿಂದು, "ಹದಿನಾಲ್ಕು ವರ್ಷಕ್ಕೆ ಅಂತೂ ನಿನ್ ಕೈಗೆ ಹದ ಸಿಕ್ತು ನೋಡು ಹೆನ್ಯಾ" ಎಂದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಬಾಯಿ ಬಿಡದೆ ನಾಲ್ಕನೆಯದನ್ನು ಬಡಿಸಿದೆ.

ಶನಿವಾರ ಸಂಜೆ ನಕ್ಷತ್ರ ಕಂಡದ್ದೇ ತಡ, ಕಾಫಿಗೆ ಹಾಲು ಬೇಕೆಂದು ಅತ್ತೆಯೇ ಎದ್ದು ಬಾಗಿಲು ತೆರೆದರು. ತಾವು ಎಂದೂ ಇಲ್ಲದ ಪ್ರಕಾಶದಿಂದ ನನ್ನ ಹನ್ನೆರಡು ಉಂಡೆಗಳನ್ನೂ, ಪ್ರತಿಯೊಂದರ ನೆತ್ತಿಯ ಮೇಲಿನ ಕ್ಯಾರೆಟ್ ಬಿಲ್ಲೆಯನ್ನೂ ತೋರಿಸಿಕೊಟ್ಟಿರಿ. ಅತ್ತೆ ತಟ್ಟೆ ಹೊರಗೆ ತೆಗೆದು, ಒಂದನ್ನು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದರು.

"ಇದು ನಿಂದೇ ಕಣಮ್ಮ. ಉಪ್ಪು ಕಮ್ಮಿ."

ಆದಕಾರಣ, ತಾವು ಇನ್ನು ಮುಂದೆ ಶುಕ್ರವಾರದ ಸೂರ್ಯನ ಮೇಲೆ ಸ್ವತಃ ಕಣ್ಣಿಟ್ಟು, ಸೈರನ್‌ಗೆ ಮುಂಚೆ ತಾವಾಗಿಯೇ ಎರಡು ಸುತ್ತು ತಿರುಗಿಕೊಳ್ಳಬೇಕೆಂದೂ, ಅತ್ತೆಯವರು ಬಾಗಿಲು ತೆರೆದಾಗ ಹಾಲನ್ನಷ್ಟೇ ಬೆಳಗಬೇಕೆಂದೂ ವಿನಂತಿ.

ತಮ್ಮ ಬೆಳಕಿನಲ್ಲೇ ಸಿಕ್ಕಿಬಿದ್ದ,
ತಮ್ಮ ವಿಶ್ವಾಸಿ,
ಹೆನ್ಯಾ

ಮರೆತ ಮಾತು: ಬಾಗಿಲು ಮುಚ್ಚಿದ ಮೇಲೆ ಅತ್ತೆ ನಿಂತಲ್ಲೇ, ಉಪ್ಪು ಕೇಳದೆ, ಇನ್ನೂ ಎರಡು ಉಂಡೆ ತಿಂದರು. ಆಗ ತಾವು ಆರಿದ್ದಿರಿ.