ಕೃಷ್ಣಮ್ಮನ ಹುಲ್ಲಿನ ಹೊರೆಗೆ ಬೆಡ್‌ಶೀಟು

ಸರ್ವರಿಗೂ ತಿಳಿದಿರಬೇಕಾದ ಸಂಗತಿಯೆಂದರೆ, ಚುನಾವಣೆ ಘೋಷಣೆಯಾದ ಗಳಿಗೆಯಿಂದ ಎಣಿಕೆ ಮುಗಿಯುವ ತನಕ ಹೊಳೆನರಸೀಪುರದಲ್ಲಿ ತಲೆಮೇಲೆ ಹೊರೆ ಹೊತ್ತ ಹೆಂಗಸನ್ನು ಪಕ್ಷದ ಚಿಹ್ನೆಯೆಂದೇ ಪರಿಗಣಿಸಲಾಗುತ್ತದೆ.

ಇದು ಚಿತ್ರಗಾರ ಕನಕರಾಜುವಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಬರೋಡದಲ್ಲಿದ್ದವನು ಪಾಪ. ಕೈ ಮಾತ್ರ ಎಂಥದ್ದು ಅಂತೀರಿ! ಚಿಕ್ಕವನಿದ್ದಾಗ ತನ್ನೂರು ಹಳೇಕೋಟೆಯ ಗೋಡೆಮೇಲೆ ಇದ್ದಿಲಲ್ಲಿ ಒಂದು ಹಸು ಬರೆದಿದ್ದ. ಊರ ಹೋರಿ ಮೂರು ದಿನ ಆ ಗೋಡೆ ಬಿಟ್ಟು ಕದಲಲಿಲ್ಲ. ಈಗ ಪ್ರದರ್ಶನ ಮಾಡಲೆಂದು ಹನ್ನೊಂದು ಹೊಸ ಚಿತ್ರ ಹೊತ್ತು ಊರಿಗೆ ಬಂದಿದ್ದ. ದೊಡ್ಡದರಲ್ಲಿ ಇದ್ದವಳು ಅವನ ಅವ್ವ ಕೃಷ್ಣಮ್ಮ, ತಲೆಮೇಲೆ ಹುಲ್ಲಿನ ಹೊರೆ. ಅದನ್ನು ನೋಡಲೆಂದೇ ಅವಳು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು.

ಬೆಳಿಗ್ಗೆ ಪ್ರದರ್ಶನದ ಬಾಗಿಲು ತೆರೆಯುವಷ್ಟರಲ್ಲಿ ಚುನಾವಣಾ ಅಧಿಕಾರಿ ದೇವರಾಜು ಹನ್ನೊಂದು ಬೆಡ್‌ಶೀಟಿನ ಸಮೇತ ಹಾಜರು. ಕೆರೆಯ ಚಿತ್ರದಲ್ಲಿ ತಾವರೆ ಇತ್ತು, ಮುಚ್ಚಿಸಿದರು. ಇನ್ನೊಂದರಲ್ಲಿ ಪೂಜಾರಿ ಕೈ ಎತ್ತಿದ್ದ, ಅದನ್ನೂ ಮುಚ್ಚಿಸಿದರು. ಆಲೂಗೆಡ್ಡೆ ರಾಶಿಯ ಮುಂದೆ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ನಾಳೆ ಯಾರಾದ್ರೂ ಪಕ್ಷೇತರರು ಇದನ್ನೇ ಕೇಳುದ್ರೆ?" ಎಂದು ಮುನ್ನೆಚ್ಚರಿಕೆಯಾಗಿ ಮುಚ್ಚಿಸಿದರು.

"ಸಾ, ಇದು ನಮ್ಮವ್ವ," ಎಂದ ಕನಕರಾಜು, ಹೊರೆಯ ಚಿತ್ರಕ್ಕೂ ಬೆಡ್‌ಶೀಟು ಬಿದ್ದಾಗ.

"ಇರ್ಬೌದು ಕಣ್ರೀ. ನೋಡ್ದೋರು ಓಗಿ ಓಟ್ ಒತ್ಬುಟ್ರೆ?"

"ಕಣ್ಣು ಬಂದ್ಮೇಲೆ ಇದ್ನೇ ನೋಡ್ಬೇಕು ಅಂತ ಬಂದಿವ್ನಿ ಸಾ. ಒಂಚೂರು ಸರ್ಸಿ," ಎಂದಳು ಕೃಷ್ಣಮ್ಮ.

"ಸರ್ಸಂಗಿಲ್ಲ ತಾಯಿ. 'ಚಿತ್ರದಲ್ಲಿರುವ ವ್ಯಕ್ತಿಯು ತಾನು ಚಿಹ್ನೆಯಲ್ಲವೆಂದು ದೃಢೀಕರಣ ಪತ್ರ ಹಾಜರುಪಡಿಸತಕ್ಕದ್ದು. ಹೊರೆ ಇಳಿಸಿದ ಭಾವಚಿತ್ರ ಲಗತ್ತಿಸತಕ್ಕದ್ದು.'"

ತಾಯಿ ಕಚೇರಿಗೆ ಹೋದಳು. ಗುಮಾಸ್ತೆ ಗಂಗಾಂಬಿಕೆ ಕೇಳಿದಳು: "ಎಷ್ಟು ವರ್ಷದಿಂದ ಹೊರ್ತಿದೀರಜ್ಜಿ?"

"ಲಗ್ನ ಆದಾಗ್ನಿಂದ. ಐವತ್ತೆರಡು ವರ್ಷ ಆಯ್ತು ಕಣವ್ವ."

"ಅಯ್ಯೋ, ಚಿಹ್ನೆಗಿಂತ ನೀವೇ ಹಿರಿಯರು! ಇದು ಮೇಲಿನ ಕಚೇರಿಗೆ ಹೋಗ್ಬೇಕು."

ಇತ್ತ ಪ್ರದರ್ಶನ ಅಮೋಘವಾಗಿ ನಡೆಯಿತು. ಚನ್ನರಾಯಪಟ್ಟಣ, ಅರಕಲಗೂಡುಗಳಿಂದ ಬಸ್ಸು ಬಸ್ಸೇ ಜನ. ಹಿರೀಸಾವೆಯ ಹೋಟೆಲಿನವರೊಬ್ಬರು ಬೆಡ್‌ಶೀಟಿಗೆ ಮೂಗು ತಾಗಿಸಿ ನಿಂತು, "ಮಡಿಕೆ ಎಂಗ್ ಬರ್ದವ್ನೆ ನೋಡ್ಲಾ, ಬಟ್ಟೆನೇ ಅಂತೀಯ!" ಅಂದರು. ತಾಲ್ಲೂಕಿನ ಅತ್ಯುತ್ತಮ ನೀತಿಸಂಹಿತೆ ಪಾಲಕ ಎಂದು ಕನಕರಾಜುವಿಗೆ ಶಾಲು ಹೊದಿಸಲಾಯಿತು.

ಪತ್ರ ಬಂದದ್ದು ಎಣಿಕೆಯ ಸಂಜೆ. ಅವ್ವ, ಮಗ ಪ್ರದರ್ಶನಕ್ಕೆ ಓಡಿ ಬಂದರು. ಬಾಗಿಲಲ್ಲೇ ದೇವರಾಜು ಪತ್ರ ಓದಿ ಸಂತೋಷಪಟ್ಟರು: "ಎಲ್ಲಾ ಸರಿಯಾಗೈತೆ. ಆದ್ರೆ ಒಂದು ಚುನಾವಣೆಗೆ ಮಾತ್ರ ಊರ್ಜಿತ. ಮಧ್ಯಾಹ್ನ ಇನ್ನೊಂದು ಘೋಷಣೆ ಆಗೈತೆ."

ಕೃಷ್ಣಮ್ಮ ಹೊಸ ಕಣ್ಣು ಅಗಲಿಸಿ ಬೆಡ್‌ಶೀಟನ್ನೇ ಬಹಳ ಹೊತ್ತು ನೋಡಿದಳು.

"ಎಂಗೈತವ್ವ?" ಎಂದ ಕನಕರಾಜು, ತಲೆ ತಗ್ಗಿಸಿ.

"ಅಂಗೇ ಐತೆ ಕಣ್ ಮಗ. ಹೊರೆ ಹೊತ್ತಾಗ ಹುಲ್ಲು ಮುಖದ ಮ್ಯಾಲೇ ಬೀಳೋದು. ನಂಗೂ ಇಷ್ಟೇ ಕಾಣೋದು."

ಮಾರನೇ ದಿನ ಅವಳು ಹೊರೆಗೆ ಮನೆಯ ಬೆಡ್‌ಶೀಟ್ ಹೊದಿಸಿಕೊಂಡೇ ಗದ್ದೆಯಿಂದ ಬಂದಳು. ಈಗ ಹಳೇಕೋಟೆಯ ಹೆಂಗಸರೆಲ್ಲ ಹಾಗೇ ಬರುತ್ತಾರೆ. ಎಮ್ಮೆಗಳು ಎರಡು ದಿನ ಬೆದರಿ ಹಗ್ಗ ಕಿತ್ತವು; ಮೂರನೇ ದಿನದಿಂದ ಬೆಡ್‌ಶೀಟ್ ಇಲ್ಲದ ಹುಲ್ಲಿಗೆ ಬಾಯಿ ಹಾಕುತ್ತಿಲ್ಲ.