ಅಟ್ಯಾಚ್ ಆದ ಅಕೌಂಟು

ಏನೂ ತಪ್ಪು ಮಾಡದವನ ಮುಖವೇ ಎಲ್ಲಕ್ಕಿಂತ ಕಳ್ಳಮುಖ ಎಂಬುದು ನನ್ನ ಬಹುದಿನದ ಅನುಮಾನ. ತಪ್ಪು ಮಾಡಿದವನಿಗೆ ಯಾವುದನ್ನು ಮುಚ್ಚಿಡಬೇಕೆಂದು ಗೊತ್ತಿರುತ್ತದೆ. ಮಾಡದವನು ಎಲ್ಲವನ್ನೂ ಮುಚ್ಚಿಡಲು ಹೋಗಿ ಬೆವರುತ್ತಾನೆ. ಪೀಣ್ಯದಲ್ಲಿ ಎರಡು ಲೇಥ್ ಇಟ್ಟುಕೊಂಡು ಬುಷ್ಷು, ಪಿನ್ನು ಮಾಡಿಕೊಡುವ ನಾನು ಹಾಗೆ ಬೆವರಿದ್ದು ಒಂದು ಆಯುಧಪೂಜೆಯ ವಾರ. ಕೆಲಸದವರ ಬೋನಸ್ಸಿಗೆಂದು ಚೆಕ್ ಹಿಡಿದು ಬ್ಯಾಂಕಿಗೆ ಹೋದರೆ, ಕೌಂಟರಿನ ಹೆಣ್ಣುಮಗಳು ಒಮ್ಮೆ ಕಂಪ್ಯೂಟರನ್ನು, ಒಮ್ಮೆ ನನ್ನನ್ನು ನೋಡಿ, "ಸಾರ್, ನಿಮ್ಮ ಅಕೌಂಟ್ ಅಟ್ಯಾಚ್ ಆಗಿದೆ" ಎಂದರು. ಅಟ್ಯಾಚ್ ಎಂದರೆ ನನಗೆ ಅಲ್ಲಿಯವರೆಗೆ ಬಾತ್‌ರೂಮು. ಬಾಡಿಗೆ ಮನೆಗೆ ಅದೊಂದು ಹೆಚ್ಚುಗಾರಿಕೆ. "ಒಳ್ಳೇದಾಯ್ತಲ್ಲ ಮೇಡಂ" ಎಂದುಬಿಟ್ಟೆ. ಅವರು ದನಿ ತಗ್ಗಿಸಿದರು. "ಜಪ್ತಿ ಸಾರ್. ಸೇಲ್ಸ್ ಟ್ಯಾಕ್ಸ್‌ನೋರು ಆರ್ಡರ್ ಕಳ್ಸಿದಾರೆ. ಒಂದ್ರೂಪಾಯಿನೂ ತೆಗೆಯೋಕಾಗಲ್ಲ."

ಶೆಡ್ಡಿಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಪಕ್ಕದ ಪ್ಲೇಟಿಂಗ್ ಶೆಡ್ಡಿನ ಶಿವಣ್ಣ ಬ್ಯಾಂಕಿನಲ್ಲಿ ನನ್ನ ಹಿಂದೆಯೇ ನಿಂತಿದ್ದ ಎಂದು ನೆನಪು. ಆದರೆ ಅವನನ್ನು ಅನುಮಾನಿಸಿದ ಮೇಲೆ ನಾನೇ ಅವನನ್ನು ಅಲ್ಲಿ ತಂದು ನಿಲ್ಲಿಸಿದೆನೋ ಏನೋ. ಅಂದಿನಿಂದ ಅವನು 'ಗುರು' ಬಿಟ್ಟು 'ಸಾರ್' ಹಿಡಿದ. "ಟ್ಯಾಕ್ಸ್‌ನೋರು ಹುಡುಕ್ಕೊಂಡು ಬರೋವಷ್ಟು ಮಾಡಿದೀರ, ನಮಗೊಂದ್ ಮಾತ್ ಹೇಳ್ಲಿಲ್ವಲ್ಲ ಸಾರ್!" ನನ್ನ ಲೇಥಿನ ವೆಂಕಟೇಶನಿಗೆ ಮಾತ್ರ ಗೌರವ ಹುಟ್ಟಲಿಲ್ಲ. "ಬೋನಸ್ ತಪ್ಪಿಸ್ಕೊಳ್ಳೋಕೆ ಇಷ್ಟ್ ದೊಡ್ ನಾಟ್ಕ ಯಾರೂ ಆಡಿರ್ಲಿಲ್ಲ ಬಿಡಣ್ಣ. ಅಬ್ಬಕ್ಕೆ ಕೊಡ್ಲಿಲ್ಲ ಅಂದ್ರೆ ಮಾಕಳಿ ಫ್ಯಾಕ್ಟ್ರೀಲಿ ನಂಗೆ ಕೆಲ್ಸ ರೆಡಿ ಐತೆ." ವೆಂಕಟೇಶ ಹೋದರೆ ಒಂದು ಲೇಥ್ ನಿಂತಂತೆ. ಇನ್ನೊಂದು ಆಗಲೇ ನಿಂತಿತ್ತು.

ನಾಗಸಂದ್ರದ ಮನೆಯಲ್ಲಿ ಹೆಂಡತಿ ಸುಮಿತ್ರಾಗೂ ಸುದ್ದಿ ಮುಟ್ಟಿತು. ಮಾರನೆಯ ದಿನ ಅಟ್ಟದ ಮೇಲಿನ ಹಿತ್ತಾಳೆ ಹಂಡೆ ಜಾಗ ಬದಲಿಸಿತ್ತು. ದೇವರ ಪಟಗಳ ಹಿಂದಿನ ಧೂಳು ಮಾಯವಾಗಿತ್ತು. "ಹಬ್ಬದ ಕ್ಲೀನಿಂಗು ಕಣ್ರೀ" ಎಂದಳು, ನನ್ನ ಕಣ್ಣನ್ನೇ ನೋಡುತ್ತಾ.

ತೆರಿಗೆ ಕಚೇರಿಯಲ್ಲಿ ಕಂಪನಿಯ ಹೆಸರು ಹೇಳಿದೆ, ಫೈಲು ಬಂತು. ಅಧಿಕಾರಿ ತಣ್ಣಗೆ ಓದಿದರು: ಮಾಲೇ ಇಲ್ಲದೆ ಬರೀ ಬಿಲ್ಲು ಮಾರಿದ್ದೀರಿ, ತೆರಿಗೆ, ಬಡ್ಡಿ, ದಂಡ, ಕಟ್ಟದಿದ್ದರೆ ಮೆಷಿನ್ ಹರಾಜು, ಅದರ ಮೇಲೆ ಕೋರ್ಟು. ನಾನು ದಾರಿಯುದ್ದಕ್ಕೂ ಉರುಹೊಡೆದದ್ದನ್ನು ಒಪ್ಪಿಸಿದೆ: ಕಬ್ಬಿಣ ಯಾರಲ್ಲಿ ಕೊಂಡೆ, ಅಂದು ಹೇಗೆ ಮೋಡ ಕವಿದಿತ್ತು, ಟೆಂಪೋದವನು ಹೇಗೆ ಟೀ ಬೇಡವೆಂದ. ಅವರು ಕನ್ನಡಕ ತೆಗೆದರು. "ಯಾವ್ದೋ ವರ್ಷದ ಮೋಡ ನೆನಪಿದ್ಯಾ? ಇಷ್ಟು ನೀಟಾಗಿ ಹೇಳೋರನ್ನ ನಾವು ನಂಬಲ್ಲ ಸಾರ್." ನನಗೂ ನಂಬಿಕೆ ಹೋಯಿತು. ಮೋಡ ನಾನೇ ಸೇರಿಸಿದ್ದು. ಮೋಡ ಸೇರಿಸಬಲ್ಲವನು ಒಂದು ಬಿಲ್ಲು ಬರೆದು ಮರೆತಿರಲಾರನೇ?

"ಟಿನ್ ನಂಬರ್ ಹೇಳಿ" ಎಂದರು. ತೆರಿಗೆ ನೋಂದಣಿಯ ಆ ಸಂಖ್ಯೆಯೊಂದು ಮಾತ್ರ ನೆನಪಿಗೆ ಬರಲಿಲ್ಲ. ತಡವರಿಸುತ್ತಾ ಜೇಬಿನಿಂದ ಆ ನಂಬರು ಅಚ್ಚಾಗಿದ್ದ ನನ್ನ ಕಂಪನಿಯ ಕಾರ್ಡು ತೆಗೆದುಕೊಟ್ಟೆ. ಅವರು ಕಾರ್ಡನ್ನೂ ಫೈಲನ್ನೂ ಎರಡು ಸಲ ನೋಡಿ, "ಅಯ್ಯೋ, ಇದು ನೀವಲ್ಲ!" ಎಂದರು. ನನ್ನ ಕಂಪನಿಯದು ಒಂದು ದೇವರ ಹೆಸರು, ಮುಂದೆ ಇಂಜಿನಿಯರಿಂಗ್ ವರ್ಕ್ಸ್. ಪೀಣ್ಯದಲ್ಲಿ ಕಲ್ಲೆಸೆದರೆ ಅಂಥದೇ ಬೋರ್ಡಿಗೆ ಬೀಳುತ್ತದೆ. ಅದೇ ಹೆಸರಿನ ಇನ್ನೊಬ್ಬ, ಅದೇ ಬ್ಯಾಂಕಿನಲ್ಲಿ ಖಾತೆ ಇಟ್ಟು, ಬಿಲ್ಲು ಮಾರಿ ನಾಪತ್ತೆಯಾಗಿದ್ದ. ಬ್ಯಾಂಕಿನವರು ನಂಬರು ಬಿಟ್ಟು ದೇವರನ್ನು ನೋಡಿ ಬೀಗ ಹಾಕಿದ್ದರು.

ಪೂಜೆಯ ಹಿಂದಿನ ದಿನ ಬೀಗ ಬಿಚ್ಚಿತು. ಬೋನಸ್ ಎಣಿಸಿಕೊಂಡ ವೆಂಕಟೇಶ ಎರಡು ನೋಟನ್ನು ಬೆಳಕಿಗೆ ಹಿಡಿದು ನೋಡಿ ಉಳಿದುಕೊಂಡ. ಕುಂಬಳಕಾಯಿ ಒಡೆಯುವ ಹೊತ್ತಿಗೆ ಶಿವಣ್ಣ ಬಂದ. "ನೀನಲ್ವಂತೆ? ಥತ್, ಹೋಗ್ಲಿ ಬಿಡು ಗುರು" ಎಂದು ಹೆಗಲು ತಟ್ಟಿ ಸಂತೈಸಿದ. ಮನೆಗೆ ಹೋದರೆ ಸುಮಿತ್ರಾ, "ಹಾಗಾದ್ರೆ ನಿಜವಾಗ್ಲೂ ಎಲ್ಲೂ ಏನೂ ಇಲ್ವೇನ್ರೀ?" ಎಂದಳು. "ಇಲ್ಲ ಕಣೇ" ಎಂದೆ. ಮದುವೆಯಾದಾಗಿನಿಂದ ಅವಳು ನನ್ನ ಮಾತನ್ನು ಅಷ್ಟು ಬೇಸರದಿಂದ ನಂಬಿದ್ದು ಅದೇ ಮೊದಲು. ಚೀಲ ಹಿಡಿದು ತರಕಾರಿಗೆ ಹೊರಟಳು.

ಗೇಟಿನ ಸದ್ದು ಕೇಳಿದ ಮೇಲೆ ನಾನು ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿ, ಹಂಡೆಯೊಳಗೆ ಕೈಹಾಕಿ ನೋಡಿದೆ.