ತಕರಾರಿಲ್ಲದ ವಕೀಲೆ

ಆತ್ಮವಿಶ್ವಾಸ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ. ಕಪ್ಪು ಕೋಟು ಹಾಕಿದ ಮೇಲೆ ನಾನು ಕಂಡ ಧೈರ್ಯಸ್ಥರೆಲ್ಲ ಓದದೇ ಬಂದವರು. ಓದಿಕೊಂಡು ಬಂದವರ ಕಾಲು ಮಾತ್ರ ನಡುಗುತ್ತವೆ. ನಮ್ಮಂಥ ಕಿರಿಯರಿಗಾಗಿ ಒಮ್ಮೆ ಆತ್ಮವಿಶ್ವಾಸ ಬೆಳೆಸುವ ಉಪನ್ಯಾಸ ಇಟ್ಟಿದ್ದರು. ಬಂದ ಮಹನೀಯರು ಚೀಟಿಯಿಂದ ತಲೆ ಎತ್ತದೆ, 'ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು' ಎಂದು ಓದಿ, ಶಾಲು ಹೊದಿಸಿಕೊಂಡು ಹೋದರು. ನಾವು ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿಂದೆವು. ನನ್ನ ಅಂಜಿಕೆ ಇದ್ದಲ್ಲೇ ಇತ್ತು.

ನಾನಿರುವುದು ಬಾಗಲಕೋಟೆಯ ನವನಗರದ ಒಂದು ವಕೀಲರ ಆಫೀಸಿನಲ್ಲಿ. ಬೋರ್ಡಿನ ಮೇಲೆ ಸಾಹೇಬರ ಹೆಸರಿನ ಕೆಳಗೆ 'ಆ್ಯಂಡ್ ಅಸೋಸಿಯೇಟ್ಸ್' ಎಂದು ಬರೆಸಿದ್ದಾರೆ. ಅಂದರೆ ನಾನು ಮತ್ತು ಮಹಾಂತೇಶ. ಮಹಾಂತೇಶನಿಗೆ ಅನುಮಾನ ಎಂಬ ರೋಗವೇ ಇಲ್ಲ. ಕಾನೂನಿನಲ್ಲಿ ಇಲ್ಲದ ಕಲಮನ್ನೂ ಎಂಥ ಗಂಟಲಲ್ಲಿ ಹೇಳುತ್ತಾನೆಂದರೆ, ನಾನು ಮನೆಗೆ ಹೋಗಿ ಪುಸ್ತಕ ತೆಗೆದು, ಅದು ಸಿಗದಿದ್ದಾಗ ಪುಸ್ತಕದ್ದೇ ತಪ್ಪಿರಬೇಕು ಎಂದುಕೊಳ್ಳುತ್ತೇನೆ. ಇನ್ನು ನಮ್ಮ ಸಾಹೇಬರು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕಕ್ಷಿದಾರರು ಅವರ ಮೌನವನ್ನು ಹೊಗಳುತ್ತಾರೆ. ಖಾಲಿ ಕೊಡವೂ ತುಳುಕುವುದಿಲ್ಲ ಎಂಬುದನ್ನು ನಾನು ಅಲ್ಲಿ ಸೇರಿದ ಮೇಲೆ ಕಲಿತೆ.

ಕಿರಿಯ ವಕೀಲರಿಗೆ ಕೋರ್ಟಿನಲ್ಲಿ ಇರುವುದು ಎರಡೇ ಮಾತು. ನಮ್ಮ ಸಾಹೇಬರು ಬಾರದಿದ್ದರೆ ಎದ್ದು ನಿಂತು 'ಮುಂದಿನ ತಾರೀಖು ಕೊಡಿ' ಎನ್ನುವುದು. ಎದುರಿನ ವಕೀಲರು ತಾರೀಖು ಕೇಳಿದರೆ 'ನಮ್ಮ ತಕರಾರಿಲ್ಲ' ಎನ್ನುವುದು. ಇವತ್ತು ನಾವು ಬಿಟ್ಟುಕೊಟ್ಟರೆ ನಾಳೆ ಅವರು ಬಿಟ್ಟುಕೊಡುತ್ತಾರೆ, ಮದುವೆಯ ಮುಯ್ಯಿ ಇದ್ದ ಹಾಗೆ. ಇದರಲ್ಲಿ ನಾನೆಷ್ಟು ಪಳಗಿದೆನೆಂದರೆ, ಮನೆಯಲ್ಲಿ ಅವ್ವ 'ಇನ್ನೊಂದು ರೊಟ್ಟಿ ಹಾಕ್ಲೇನ?' ಎಂದರೂ ತಕರಾರಿಲ್ಲ ಎನ್ನುತ್ತಿದ್ದೆ. ಮೂರನೆಯ ಮಾತು ನನ್ನ ಬಾಯಿಂದ ಬಂದೀತೇ ಎಂಬ ಚಿಂತೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಹೀಗಿರುವಾಗ ಇಳಕಲ್ಲಿನ ಶಾಂತಕ್ಕನ ಕೇಸು ಬಂತು. ಗಂಡ ತೀರಿಕೊಂಡ ಮೇಲೆ ತಾನೇ ಸೀರೆ ನೇಯ್ದು ಮನೆ ನಡೆಸುವ ಹೆಂಗಸು. ಜಾಗ ತನ್ನದೆಂದು ಮೈದುನ ಮಗ್ಗದ ಖೋಲಿಗೆ ಕೀಲಿ ಜಡಿದುಬಿಟ್ಟಿದ್ದ. ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಇಲಿಗಳಿಗೆ ಕೀಲಿಯ ಹಂಗಿಲ್ಲ. ದಾವೆ ಮುಗಿಯುವವರೆಗಾದರೂ ಬಾಗಿಲು ತೆಗೆಸಿಕೊಡಿ ಎಂದು ಹುನಗುಂದದ ಕೋರ್ಟಿಗೆ ಅರ್ಜಿ ಹಾಕಿದ್ದೆವು. ಪ್ರತಿ ಸಲ ಒಬ್ಬರು ತಾರೀಖು ಕೇಳುತ್ತಿದ್ದರು, ಇನ್ನೊಬ್ಬರ ತಕರಾರು ಇರುತ್ತಿರಲಿಲ್ಲ. 'ಈ ಸಲ ನಾನ ಬಂದು ವಾದ ಮಾಡ್ತೇನಿ' ಎಂದು ಸಾಹೇಬರು ಶಾಂತಕ್ಕನಿಗೆ ಮಾತು ಕೊಟ್ಟರು. ಆ ದಿನ ಮುಂಜಾನೆ ನನಗೆ ಫೋನು: 'ಬದಾಮಿಗೆ ಬೀಗರ ಮನಿಗೆ ಹೊಂಟೇನಿ. ನೀ ಹೋಗಿ ತಾರೀಖು ತಗೊಂಡ್ ಬಾ. ಮತ್ತೇನೂ ಮಾತಾಡಾಕ ಹೋಗಬ್ಯಾಡ.' ಮಹಾಂತೇಶ ಅವರ ಕಾರು ಹೊಡೆಯಲು ಹೋಗಿದ್ದ. ನನ್ನ ಮೇಲೆ ನನಗೇ ಇಲ್ಲದ ವಿಶ್ವಾಸ ಅವರಿಗೂ ಇರಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಆಫೀಸಿನಲ್ಲಿ ಒಮ್ಮತವಿದೆ.

ಕೋರ್ಟಿನ ಬಾಗಿಲಲ್ಲೇ ಶಾಂತಕ್ಕ ನಿಂತಿದ್ದರು. 'ಇವತ್ತರೆ ಬಾಗಲಾ ತಗಸ್ತೀರಿಲ್ರಿ ಅಕ್ಕಾರ? ಆ ಸೀರಿ ಇಲಿ ಪಾಲಾತಂದ್ರ ನಾ ಏನ್ ಉಣ್ಣಲಿ?'

'ನೋಡೋಣ್ರಿ' ಎಂದೆ. ಇಲ್ಲ ಎನ್ನಲು ಬಾಯಿ ಬಾರದವರು ಹೇಳುವ ಮಾತು ಅದು.

ಕೇಸು ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಎದುರಿನ ಹಿರಿಯ ವಕೀಲರು ಎದ್ದು, ಹೊಟ್ಟೆ ಕೆಟ್ಟಿದೆ, ತಾರೀಖು ಬೇಕು ಎಂದರು. ಈಗಷ್ಟೇ ಹೊರಗೆ ನನ್ನ ಕಣ್ಣೆದುರೇ ಮಿರ್ಚಿ ಭಜಿ ಮುಗಿಸಿ ಬಂದ ಹೊಟ್ಟೆ ಅದು. ತಾರೀಖು ಕೇಳುವ ನನ್ನ ಕೆಲಸ ಪುಕ್ಕಟೆ ಆಗಿಹೋಗಿತ್ತು. ನ್ಯಾಯಾಧೀಶರು ನನ್ನತ್ತ ನೋಡದೆ, 'ನಿಮ್ಮ ತಕರಾರು ಇಲ್ಲವಷ್ಟೆ?' ಎಂದು ಬರೆಯತೊಡಗಿದರು. ಇಲ್ಲ ಎಂದೇ ಹೇಳುವವಳಿದ್ದೆ. ಆದರೆ ಆ ಭಜಿ ನೆನಪಾಗಿ ಮೈಯೆಲ್ಲ ಉರಿಯಿತು.

'ಐತ್ರಿ' ಎಂದೆ.

ಪೆನ್ನು ನಿಂತಿತು. ನ್ಯಾಯಾಧೀಶರು ತಲೆ ಎತ್ತಿ, 'ಹಾಗಾದರೆ ವಾದ ಮಾಡಿ' ಎಂದರು. ಎದುರಿನವರ ಹೊಟ್ಟೆಯೂ ತಟ್ಟನೆ ಸರಿಹೋದಂತೆ ಕಂಡಿತು. ಆಮೇಲೆ ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಕೆಳಗೆ ಕಾಲು ನಡುಗುತ್ತಿದ್ದವು, ಮೇಲೆ ಬಾಯಿ ನಡೆಯುತ್ತಿತ್ತು. ಜಾಗ ಯಾರದ್ದೆಂದು ನಿಧಾನವಾಗಿ ತೀರ್ಮಾನವಾಗಲಿ, ಮಗ್ಗ ಶಾಂತಕ್ಕನದೆಂಬುದನ್ನು ಮೈದುನನೂ ಅಲ್ಲಗಳೆದಿಲ್ಲ, ಇಲಿಗಳು ತೀರ್ಪಿನವರೆಗೆ ಕಾಯುವುದಿಲ್ಲ ಎಂದೆ. ಹಿರಿಯರು 'ಜಾಗ ನಮ್ಮದು' ಎಂದಷ್ಟೇ ಗುಡುಗಿ ಕೂತರು. ಅವರೂ ಧೈರ್ಯವಾಗಿ, ಓದದೇ ಬಂದಿದ್ದರು. ಊಟದ ಬಳಿಕ ಆದೇಶವಾಯಿತು: ದಾವೆ ಮುಗಿಯುವವರೆಗೆ ಖೋಲಿಯ ಕೀಲಿ ತೆಗೆಯತಕ್ಕದ್ದು.

ಹೊರಗೆ ಹಿರಿಯರು ನನ್ನನ್ನು ನಿಲ್ಲಿಸಿದರು. 'ತಂಗೀ, ಹಿರ್ಯಾರು ತಾರೀಖು ಕೇಳಿದಾಗ ಅಡ್ಡ ಬರಬಾರದವಾ. ಇದು ಪದ್ಧತಿ ಅಲ್ಲ.'

'ಹೊಟ್ಟಿ ಈಗ ಹೆಂಗೈತ್ರಿ ಸರ?' ಎಂದೆ. ಜೀವಮಾನದಲ್ಲಿ ನಾನು ಅಷ್ಟು ನೆಟ್ಟಗೆ ಎಂದೂ ನಿಂತಿರಲಿಲ್ಲ. ಉಪನ್ಯಾಸದವರು, ಮಹಾಂತೇಶ, ಸಾಹೇಬರು ಎಲ್ಲರೂ ಆ ಗಳಿಗೆಯಲ್ಲಿ ನನ್ನ ಮೊಣಕಾಲಿನ ಎತ್ತರಕ್ಕಿದ್ದರು.

ಶಾಂತಕ್ಕ ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. 'ಭಾಳ ಚಲೋ ಆತ್ರಿ ಅಕ್ಕಾರ. ನನ್ನ ಮಗ್ಗ ಉಳೀತು.' ಆಮೇಲೆ ನನ್ನ ಬೆನ್ನ ಹಿಂದೆ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: 'ಖರೆ, ನಮ್ಮ ವಕೀಲ್ರು ಯಾವಾಗ ಬರ್ತಾರ್ರಿ?'

ಮಹಾಂತೇಶನಾಗಿದ್ದರೆ ಎದೆ ತಟ್ಟಿಕೊಂಡು 'ನಾನ ವಕೀಲ ಅದೇನಿ' ಎನ್ನುತ್ತಿದ್ದ. ನಾನು ಕೋಟು ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಶಾಂತಕ್ಕನ ಕಣ್ಣಲ್ಲಿ ಕಣ್ಣಿಟ್ಟೆ, ಮತ್ತು ಪೂರ್ಣ ಆತ್ಮವಿಶ್ವಾಸದಿಂದ ಹೇಳಿದೆ:

'ಮುಂದಿನ ತಾರೀಖಿಗೆ ಬರ್ತಾರ್ರಿ.'